ಕಾಗೆಬಂಗಾರ ಕಾಯಿಸಿ ಕಲ್ಲಿನ ವಯಸ್ಸು ಕೇಳುವುದು

ರಾಮನಗರದ ಬೆಟ್ಟಗಳ ಗ್ರಾನೈಟ್ ಹುಟ್ಟಿ ಸುಮಾರು 250 ಕೋಟಿ ವರ್ಷವಾಯಿತು. ಆದರೆ ಅಂಥ ಕಲ್ಲಿನ ಕರಿ ಕಾಗೆಬಂಗಾರವನ್ನು, ಅಂದರೆ ಬಯೋಟೈಟನ್ನು, ಆರ್ಗಾನ್‌ನಿಂದ ಅಳೆದರೆ ಕಲ್ಲು ಹುಟ್ಟಿದ ಕಾಲ ಸಿಗುವುದಿಲ್ಲ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ತಣಿದ ಕಾಲ ಸಿಗುತ್ತದೆ. ಹರಳಿನ ಪೊಟ್ಯಾಸಿಯಂ-40 ನಿಧಾನವಾಗಿ ಆರ್ಗಾನ್-40 ಅನಿಲವಾಗುತ್ತಾ ಹೋಗುತ್ತದೆ, ಎಷ್ಟು ಸೇರಿದೆ ಎನ್ನುವುದರಿಂದ ಕಾಲ ಲೆಕ್ಕ ಹಾಕುತ್ತೇವೆ. 300 ಡಿಗ್ರಿಗಿಂತ ಬಿಸಿ ಇದ್ದಾಗ ಆರ್ಗಾನ್ ಹರಳಿನೊಳಗೆ ನಿಲ್ಲುವುದಿಲ್ಲ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು.

ಕಲ್ಲು ಪುಡಿ ಮಾಡಿ, ಜರಡಿ ಹಿಡಿದು, ಹರಳುಗಳನ್ನು ಮೈಕ್ರೋಸ್ಕೋಪ್ ಕೆಳಗೆ ಒಂದೊಂದಾಗಿ ಆರಿಸಿ. ನಾನು ನಾಲ್ಕೈದು ಕೂದಲಷ್ಟೇ ಉಳಿಸಿದ ಬ್ರಷ್‌ನ ತುದಿಯನ್ನು ಒದ್ದೆ ಮಾಡಿಕೊಂಡು ಎತ್ತುತ್ತೇನೆ. ಅಂಚು ಹಸಿರಾಗಿದ್ದರೆ ಆ ಹರಳು ಬೇಡ, ಅದು ಕೆಟ್ಟು ಕ್ಲೋರೈಟ್ ಎಂಬ ಬೇರೆ ಖನಿಜ ಆಗತೊಡಗಿದೆ. ಈ ಕೆಲಸಕ್ಕೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಆಮೇಲೆ ವಯಸ್ಸು ಗೊತ್ತಿರುವ ಹರಳಿನ ಜೊತೆ ರಿಯಾಕ್ಟರಿಗೆ ಕಳಿಸಿ. ಎಂಎಂಎಚ್‌ಬಿ-1 ಹಾರ್ನ್‌ಬ್ಲೆಂಡ್ ಆದೀತು, ಅದರ ವಯಸ್ಸು ಸುಮಾರು 52 ಕೋಟಿ ವರ್ಷ. ಅಲ್ಲಿ ನ್ಯೂಟ್ರಾನ್ ಬಡಿದು ಪೊಟ್ಯಾಸಿಯಂ-39ರಲ್ಲಿ ಸ್ವಲ್ಪ ಭಾಗ ಆರ್ಗಾನ್-39 ಆಗುತ್ತದೆ. ಪೊಟ್ಯಾಸಿಯಂ ಎಷ್ಟಿದೆ ಎನ್ನುವುದನ್ನೂ ಇನ್ನು ಆರ್ಗಾನ್‌ನಿಂದಲೇ ತಿಳಿಯಬಹುದು.

ಕುಲುಮೆಯಲ್ಲಿ 550ರಿಂದ 1400 ಡಿಗ್ರಿವರೆಗೆ ಹಂತಹಂತವಾಗಿ ಕಾಯಿಸಿ. ಪ್ರತಿ ಹಂತದಲ್ಲೂ ಬಂದ ಅನಿಲವನ್ನು ಬೇರೆ ಅನಿಲಗಳನ್ನು ಹೀರಿಕೊಳ್ಳುವ ಗೆಟರ್ ಮೇಲೆ ಹಾಯಿಸಿ ಶುದ್ಧ ಮಾಡಿ, ನಂತರ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡಿ. ಆರ್ಗಾನ್‌ನ ಬೇರೆಬೇರೆ ತೂಕದ ರೂಪಗಳನ್ನು, ಅಂದರೆ 36ರಿಂದ 40ರವರೆಗಿನ ಐದೂ ಐಸೋಟೋಪ್‌ಗಳನ್ನು ಅಳೆಯಬೇಕು. 36 ತುಂಬಾ ಸಣ್ಣ ಸಂಖ್ಯೆ, ಆದರೆ ಜಾಸ್ತಿ ಜೋಪಾನ ಬೇಕಿರುವುದು ಅದಕ್ಕೇ. ಗಾಳಿಯ ಆರ್ಗಾನ್‌ನಲ್ಲಿ 40 ಎನ್ನುವುದು 36ರ ಸುಮಾರು 298.6 ಪಟ್ಟು ಇರುತ್ತದೆ. 36 ನೋಡಿ ಗಾಳಿಯಿಂದ ಬಂದ 40 ಎಷ್ಟೆಂದು ಕಳೆಯುತ್ತೇವೆ, ಹಾಗಾಗಿ 36ರಲ್ಲಿ ಚೂರು ತಪ್ಪಿದರೂ 40ರಲ್ಲಿ ಅದು ಮುನ್ನೂರು ಪಟ್ಟಾಗುತ್ತದೆ. ಶುದ್ಧ ಮಾಡುವಾಗ ಅವಸರ ಬೇಡ, ಉಳಿದ ಹೈಡ್ರೋಜನ್ ಕ್ಲೋರೈಡ್ ಕೂಡ 36ರಲ್ಲೇ ಬಂದು ಕೂರುತ್ತದೆ.

ಖಾಲಿ ಕುಲುಮೆಯನ್ನೂ ಅದೇ ಬಿಸಿಗಳಲ್ಲಿ ಅಳೆಯಿರಿ. ಇದಕ್ಕೆ ಬ್ಲಾಂಕ್ ಎನ್ನುತ್ತೇವೆ, ಹರಳಿನ ಅಳತೆಯಿಂದ ಇದನ್ನು ಕಳೆಯಬೇಕು. ಒಮ್ಮೆ ನಾನು 600 ಡಿಗ್ರಿಯ ಬ್ಲಾಂಕ್ ಒಂದನ್ನೇ ಅಳೆದು ಎಲ್ಲ ಹಂತಕ್ಕೂ ಕಳೆದಿದ್ದೆ. 1200 ದಾಟಿದ ಮೇಲೆ ಕುಲುಮೆಯೇ ಜಾಸ್ತಿ ಅನಿಲ ಬಿಡುತ್ತದೆ. ಕೊನೆಯ ಹಂತಗಳ ಲೆಕ್ಕ ನಂಬುವ ಹಾಗಿರಲಿಲ್ಲ, ಹರಳು ಆಗಲೇ ಕರಗಿಹೋಗಿತ್ತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಸಾಲಾಗಿ ಮೂರು ಹಂತವಾದರೂ ಒಂದೇ ವಯಸ್ಸು ತೋರಿಸಿ, ಅವುಗಳಲ್ಲೇ ಅರ್ಧಕ್ಕಿಂತ ಜಾಸ್ತಿ ಆರ್ಗಾನ್-39 ಬಂದಿದ್ದರೆ ಅದನ್ನು ಪ್ಲೇಟೋ ಎನ್ನುತ್ತಾರೆ. ಬಯೋಟೈಟ್ ವಿಷಯದಲ್ಲಿ ಮಾತ್ರ ಅಷ್ಟಕ್ಕೇ ಖುಷಿಪಡಬೇಡಿ. ನಿರ್ವಾತದಲ್ಲಿ ಕಾಯಿಸಿದಾಗ ಅದರೊಳಗಿನ ನೀರು ಹೋಗಿ ಹರಳೇ ಮುರಿಯುತ್ತದೆ. ನಡುವಿನ ಆರ್ಗಾನ್, ಅಂಚಿನ ಆರ್ಗಾನ್ ಬೆರೆತು ಗ್ರಾಫಿನ ಗೆರೆ ಸುಮ್ನೆ ಸಮವಾಗಿ ಕಂಡಿರಬಹುದು. ಇನ್ನೊಂದು ಹರಳು ತೆಗೆದುಕೊಂಡು ನಡುವಿಗೂ ಅಂಚಿಗೂ ಲೇಸರ್ ಹಾಯಿಸಿ, ಬೇರೆಬೇರೆಯಾಗಿ ಅಳೆದು ನೋಡಿ.