ನೆಲ್ಸನ್‌ಗೆ ಹೋಗುವುದು ಹೇಗೆ? ಮೊದಲು ಘಾಟಿ ನೋಡಿ, ಆಮೇಲೆ ಕಿಲೋಮೀಟರ್

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ, ಸೆಲ್ಕರ್ಕ್ ಬೆಟ್ಟಸಾಲಿನ ನಡುವೆ ನೆಲ್ಸನ್ ಎಂಬ ಪುಟ್ಟ ನಗರವಿದೆ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಹನ್ನೊಂದು ಸಾವಿರ ಚಿಲ್ಲರೆ. ಬೆಳ್ಳಿಯ ಗಣಿಗಾರಿಕೆಯಿಂದ ಹುಟ್ಟಿದ ಊರು ಇದು. 1897ರಲ್ಲೇ ನಗರವೆಂದು ಘೋಷಣೆಯಾಯಿತು. ಕೂಟನಿ ಸರೋವರ ಪಶ್ಚಿಮಕ್ಕೆ ಒಂದು ಕವಲು ಚಾಚಿದೆ. ಆ ಕವಲಿನ ದಡದಿಂದ ಶುರುವಾಗಿ ಬೆಟ್ಟದ ಮೈಮೇಲೆ ಊರು ಹತ್ತುತ್ತಾ ಹೋಗುತ್ತದೆ.

ವ್ಯಾಂಕೂವರ್‌ನಲ್ಲೋ ಕ್ಯಾಲ್ಗರಿಯಲ್ಲೋ ಮಗ, ಮಗಳು, ತಮ್ಮ ಇದ್ದಾರೆ, ಬೇಸಿಗೆಗೆ ಹೋಗಿ ಬರೋಣ ಎನ್ನುವವರು ಸಾಮಾನ್ಯವಾಗಿ ಬ್ಯಾನ್ಫ್ ನೋಡಿ ವಾಪಸಾಗುತ್ತಾರೆ. ಇನ್ನೊಂದಿಷ್ಟು ದಿನ ಕೈಯಲ್ಲಿದ್ದರೆ ನೆಲ್ಸನ್‌ಗೆ ಹೋಗಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹತ್ತಿರದ ಸೆಲ್ಕರ್ಕ್ ಕಾಲೇಜಿಗೆ ಭಾರತದಿಂದ ಓದಲು ಹೋಗುವ ಹುಡುಗ ಹುಡುಗಿಯರಿಗೂ ಈ ಮಾಹಿತಿ ಉಪಯೋಗಕ್ಕೆ ಬಂದೀತು.

ಈ ಊರಿಗೆ ಹೋಗುವಾಗ ಫೋನಿನ ಮ್ಯಾಪ್ ತೋರಿಸುವ ಗಂಟೆಗಳನ್ನು ಪೂರ್ತಿ ನಂಬಬೇಡಿ. ವ್ಯಾಂಕೂವರ್‌ನಿಂದ ಸುಮಾರು 660 ಕಿ.ಮೀ., ಕ್ಯಾಲ್ಗರಿಯಿಂದ ಸುಮಾರು 620 ಕಿ.ಮೀ. ಎರಡು ಕಡೆಯಿಂದಲೂ ಹಗಲಿಡೀ ಡ್ರೈವಿಂಗ್. ಆದರೆ ಆ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಡುವೆ ಸಿಗುವ ಘಾಟಿ, ಅವತ್ತಿನ ಹವಾಮಾನ, ಮತ್ತು ಒಂದು ದಾರಿಯಲ್ಲಿ ಕಾರು ಸಮೇತ ಸರೋವರ ದಾಟಿಸುವ ಫೆರಿ.

ಹೆಜ್ಜೆ 1: ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಮೊದಲ ಸಲ ಹೋಗುವವರಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳ್ಳೆಯದು. ರಸ್ತೆ ಒಣಗಿರುತ್ತದೆ, ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಮಾತ್ರ ಕಾಡ್ಗಿಚ್ಚಿನ ಹೊಗೆ ಕವಿಯಬಹುದು. ಕೆಲವು ವರ್ಷ ಬೆಂಕಿಯಿಂದಾಗಿ ರಸ್ತೆಗಳನ್ನೇ ಮುಚ್ಚುತ್ತಾರೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಎನ್ನುತ್ತೇನೆ. ಜನ ಕಡಿಮೆ, ಫೆರಿಗೆ ಕ್ಯೂ ಕಡಿಮೆ, ಹಗಲು ಹಿತವಾದ ಬಿಸಿಲು.

ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಈ ಘಾಟಿ ರಸ್ತೆಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ. ಟೈರಿನ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂದೋ, ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವೋ ಇರಬೇಕು. ಗಟ್ಟಿ ಹಿಮಕ್ಕೆ ಆ ಚಿತ್ರ ಇರುವ ಟೈರೇ ಮೇಲು. ಬಾಡಿಗೆ ಕಾರಿನಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಬುಕ್ ಮಾಡುವಾಗಲೇ ಕೇಳಿ, ಕೀ ತೆಗೆದುಕೊಳ್ಳುವಾಗ ನಾಲ್ಕೂ ಟೈರ್ ಕಣ್ಣಾರೆ ನೋಡಿ. ಹಿಮದಲ್ಲಿ ಕಾರು ಓಡಿಸಿ ರೂಢಿ ಇಲ್ಲದವರು ಡಿಸೆಂಬರ್, ಜನವರಿಯಲ್ಲಿ ಸ್ಟೀರಿಂಗ್ ಹಿಡಿಯದಿರುವುದೇ ಒಳ್ಳೆಯದು. ಅಲ್ಲಿ ಪಳಗಿದವರು ಯಾರಾದರೂ ಜೊತೆಗಿರಲಿ.

ಹೆಜ್ಜೆ 2: ವಿಮಾನವೋ, ರಸ್ತೆಯೋ?

ರೈಲಿನ ಆಸೆ ಬಿಡಿ. ನೆಲ್ಸನ್‌ಗೆ ಪ್ರಯಾಣಿಕರ ರೈಲು ಬರುವುದಿಲ್ಲ. ಹಳೆಯ ರೈಲು ನಿಲ್ದಾಣವನ್ನು ಚೆಂದವಾಗಿ ದುರಸ್ತಿ ಮಾಡಿ ಪ್ರವಾಸಿಗರ ಮಾಹಿತಿ ಕೇಂದ್ರ ಮಾಡಿದ್ದಾರೆ. ದೂರದ ಬಸ್ಸಿನ ಕಥೆಯೂ ಅಷ್ಟೇ. ಗ್ರೇಹೌಂಡ್ ಕಂಪನಿ 2018ರ ಅಕ್ಟೋಬರ್ ಕೊನೆಗೆ ಪಶ್ಚಿಮ ಕೆನಡಾದ ಬಹುತೇಕ ಎಲ್ಲ ಬಸ್ಸುಗಳನ್ನು ನಿಲ್ಲಿಸಿತು. ಕಾರಿಲ್ಲದ ಬಡವರು, ವಿದ್ಯಾರ್ಥಿಗಳು, ದೊಡ್ಡಾಸ್ಪತ್ರೆಗೆ ಹೋಗಬೇಕಾದ ವಯಸ್ಸಾದವರು ಇವತ್ತಿಗೂ ಅದರ ಕಷ್ಟ ಉಣ್ಣುತ್ತಿದ್ದಾರೆ. ಪ್ರತಿದಿನ ಬಸ್ ಇದೆ ಎಂಬ ಲೆಕ್ಕದಲ್ಲಿ ಹೊರಡಬೇಡಿ. ಯಾವ ವಾರ ಏನು ಓಡುತ್ತಿದೆ ಎಂದು ಟಿಕೆಟ್‌ಗೆ ಮೊದಲೇ ವಿಚಾರಿಸಿ.

ವಿಮಾನಕ್ಕೆ ಹತ್ತಿರದ್ದು ಕ್ಯಾಸಲ್‌ಗಾರ್ ನಿಲ್ದಾಣ. ನೆಲ್ಸನ್‌ನಿಂದ ಸುಮಾರು 40 ಕಿ.ಮೀ. ವ್ಯಾಂಕೂವರ್‌ನಿಂದ ಗಂಟೆಯ ಆಸುಪಾಸಿನ ಹಾರಾಟ. ಆದರೆ ಈ ನಿಲ್ದಾಣ ಕಿರಿದಾದ ಕಣಿವೆಯ ತಳದಲ್ಲಿದೆ. ಸುತ್ತ ಬೆಟ್ಟ ಇರುವುದರಿಂದ, ಸಾಕಷ್ಟು ಎತ್ತರದಲ್ಲಿರುವಾಗಲೇ ಪೈಲಟ್‌ಗೆ ನೆಲ ಕಾಣಬೇಕು. ಚಳಿಗಾಲದಲ್ಲಿ ಮೋಡ ಕಣಿವೆಯಲ್ಲೇ ಕೂತುಬಿಡುತ್ತದೆ. ಹೀಗಾಗಿ ನವೆಂಬರ್‌ನಿಂದ ಫೆಬ್ರುವರಿವರೆಗೆ ವಿಮಾನ ರದ್ದಾಗುವುದು ಸಾಮಾನ್ಯ. ಊರಿನವರೇ ಇದನ್ನು ‘ಕ್ಯಾನ್ಸಲ್‌ಗಾರ್’ ಎಂದು ಕರೆಯುತ್ತಾರೆ. ಹವಾಮಾನದಿಂದ ರದ್ದಾದರೆ ವಿಮಾನ ಕಂಪನಿ ಬೇರೆ ವಿಮಾನದಲ್ಲಿ ಸೀಟು ಕೊಡಬೇಕು. ಹೋಟೆಲ್ ಖರ್ಚು ಮಾತ್ರ ಸಾಮಾನ್ಯವಾಗಿ ನಮ್ಮ ತಲೆಗೇ. ಬೇಸಿಗೆಯಲ್ಲಿ ಈ ಚಿಂತೆ ತುಂಬಾ ಕಡಿಮೆ.

ಚಳಿಗಾಲದಲ್ಲಿ ಹೋಗಲೇಬೇಕಾದರೆ ಕೆಲೊನಾಗೆ ಟಿಕೆಟ್ ಮಾಡಿ. ಅಲ್ಲಿಂದ ರಸ್ತೆಯಲ್ಲಿ ಸುಮಾರು 340 ಕಿ.ಮೀ. ಕ್ರ್ಯಾನ್‌ಬ್ರೂಕ್‌ನಿಂದಲೂ ಬರಬಹುದು, ಆದರೆ ನಡುವೆ ಎತ್ತರದ ಘಾಟಿ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು. ಅಮೆರಿಕದ ಸ್ಪೋಕ್ಯಾನ್ ವಿಮಾನ ನಿಲ್ದಾಣ ಕಾರಿನಲ್ಲಿ ಮೂರು ಗಂಟೆಯ ಆಸುಪಾಸು. ಅಲ್ಲಿಗೆ ಟಿಕೆಟ್ ಅಗ್ಗ ಎಂದು ಯಾರಾದರೂ ಹೇಳಿಯಾರು. ಆದರೆ ಕೆನಡಾದ ವೀಸಾ ಇದ್ದ ಮಾತ್ರಕ್ಕೆ ಆ ದಾರಿ ಹಿಡಿಯಲು ಆಗುವುದಿಲ್ಲ. ಅಮೆರಿಕದ ವೀಸಾ ಬೇರೆಯೇ ಬೇಕು. ಜೊತೆಗೆ ಗಡಿಯ ಕೆಲವು ಚೆಕ್‌ಪೋಸ್ಟ್‌ಗಳು ರಾತ್ರಿ ಮುಚ್ಚುತ್ತವೆ.

ಹೆಜ್ಜೆ 3: ವ್ಯಾಂಕೂವರ್ ಕಡೆಯಿಂದ ಕಾರಿನಲ್ಲಿ

ನಿಮ್ಮ ಊರಿನ ಲೈಸೆನ್ಸ್ ಇಟ್ಟುಕೊಂಡು ಪ್ರವಾಸಿಗರು ಬ್ರಿಟಿಷ್ ಕೊಲಂಬಿಯಾದಲ್ಲಿ ಆರು ತಿಂಗಳವರೆಗೆ ಕಾರು ಓಡಿಸಬಹುದು. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಕಾರು ಬಾಡಿಗೆ ಕೊಡುವವರು ಕೇಳಬಹುದು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಘಾಟಿಗೆ ಹೋಗುವ ಮೊದಲು ಪಟ್ಟಣದಲ್ಲಿ ಒಂದು ದಿನ ಕೈ ರೂಢಿ ಮಾಡಿಕೊಳ್ಳಿ.

ಹೋಪ್ ಎಂಬ ಊರಿನವರೆಗೆ ದೊಡ್ಡ ಹೆದ್ದಾರಿ. ಅಲ್ಲಿ ಪೆಟ್ರೋಲ್ ತುಂಬಿಸಿ, 3ನೇ ನಂಬರ್ ಹೆದ್ದಾರಿಗೆ ತಿರುಗಿ. ಹೋಪ್‌ನಿಂದ ಸ್ವಲ್ಪ ಮುಂದೆ ಬೆಟ್ಟದ ಒಂದು ಮಗ್ಗುಲೇ ಇಲ್ಲದ ಜಾಗ ಕಾಣುತ್ತದೆ. 1965ರ ಜನವರಿಯಲ್ಲಿ ಅದು ಕುಸಿದು, ರಸ್ತೆಯ ಮೇಲಿದ್ದ ನಾಲ್ವರು ಸತ್ತರು. ನಿಂತು ನೋಡಲು ಜಾಗ ಇದೆ. ಆಮೇಲೆ ಮ್ಯಾನಿಂಗ್ ಪಾರ್ಕಿನ ಕಾಡು, ಮೊಬೈಲ್ ಸಿಗ್ನಲ್ ಹೋಗುತ್ತಾ ಬರುತ್ತಾ ಇರುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಪ್ರಿನ್ಸ್‌ಟನ್ ದಾಟಿದರೆ ನೋಟವೇ ಬದಲಾಗುತ್ತದೆ. ಮಳೆಕಾಡು ಹೋಗಿ ಒಣ ಬೆಟ್ಟ ಬರುತ್ತದೆ. ಕೆರೆಮಿಯೋಸ್‌ನಲ್ಲಿ ರಸ್ತೆಯುದ್ದಕ್ಕೂ ಹಣ್ಣಿನ ಅಂಗಡಿಗಳು. ಜುಲೈಯಲ್ಲಾದರೆ ಚೆರ್ರಿ, ಆಗಸ್ಟ್‌ನಲ್ಲಾದರೆ ಪೀಚ್ ತೆಗೆದುಕೊಳ್ಳಿ. ಓಸೋಯಸ್ ದಾಟಿದ ಕೂಡಲೇ ರಸ್ತೆ ತಿರುವು ತಿರುವಾಗಿ ಬೆಟ್ಟ ಹತ್ತುತ್ತದೆ. ಕೂಸುಗಳಿದ್ದರೆ ವಾಂತಿ ಬರದಂತೆ ಇಲ್ಲಿ ನಿಧಾನ.

ಊಟಕ್ಕೆ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ನಿಲ್ಲಿ. ಈ ಭಾಗದಲ್ಲಿ ಡೂಕಬೋರ್ ಎಂಬ ಜನರಿದ್ದಾರೆ. ರಷ್ಯಾದಿಂದ ಬಂದವರು, ಯುದ್ಧ ಬೇಡ ಎಂದು ಬಂದೂಕು ಸುಟ್ಟವರು, ಸಂಪ್ರದಾಯದಿಂದ ಮಾಂಸ ಬಿಟ್ಟವರು. 1908ರಿಂದ ಇಲ್ಲಿ ಬಂದು ನೆಲೆಸಿದರು. ಎಲೆಕೋಸು, ಆಲೂಗಡ್ಡೆ, ಬೆಣ್ಣೆ, ಕೆನೆ ಹಾಕಿ ಅವರು ಮಾಡುವ ಬೋರ್ಶ್ ಸಾರನ್ನು ಸಸ್ಯಾಹಾರಿಗಳು ನೆಮ್ಮದಿಯಾಗಿ ತಿನ್ನಬಹುದು. ಆದರೂ ಆರ್ಡರ್ ಮಾಡುವ ಮೊದಲು ಒಮ್ಮೆ ಕೇಳಿಬಿಡಿ.

ಆಮೇಲೆ ಕ್ರಿಸ್ಟಿನಾ ಸರೋವರ, 1,535 ಮೀಟರ್ ಎತ್ತರದ ಪಾಲ್ಸನ್ ಘಾಟಿ, ಕ್ಯಾಸಲ್‌ಗಾರ್. ಸಂಜೆ ಕತ್ತಲಾಗುವ ಮೊದಲು ಈ ಘಾಟಿ ಇಳಿಯುವಂತೆ ಬೆಳಗ್ಗೆ ಬೇಗ ಹೊರಡಿ. ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಬರುತ್ತವೆ.

ಕ್ಯಾಸಲ್‌ಗಾರ್ ವಿಮಾನ ನಿಲ್ದಾಣದ ಎದುರಿಗೇ ಡೂಕಬೋರರ ವಸ್ತುಸಂಗ್ರಹಾಲಯ ಇದೆ. ಬೇಸಿಗೆಯಲ್ಲಿ ತೆರೆದಿರುತ್ತದೆ. ವಿಮಾನ ತಡವಾದರೆ ಸುಮ್ನೆ ಕೂರುವ ಬದಲು ಅಲ್ಲಿಗೆ ಹೋಗಿ ಬರಬಹುದು. ನೆಲ್ಸನ್ ದಾರಿಯಲ್ಲಿ ಸ್ವಲ್ಪ ಮುಂದೆ ಅವರು 1913ರಲ್ಲಿ ತಾವೇ ದುಡಿದು ಕಟ್ಟಿದ ತೂಗುಸೇತುವೆಯೂ ಸಿಗುತ್ತದೆ.

ಹೆಜ್ಜೆ 4: ಕ್ಯಾಲ್ಗರಿ ಕಡೆಯಿಂದ, ಎರಡು ದಾರಿಗಳಲ್ಲಿ ಒಂದು

ಕ್ಯಾಲ್ಗರಿಯಿಂದ ದಕ್ಷಿಣಕ್ಕೆ ಬಂದು ಕ್ರೋಸ್‌ನೆಸ್ಟ್ ಪಾಸ್ ದಾಟಿ, ಫರ್ನಿ, ಕ್ರ್ಯಾನ್‌ಬ್ರೂಕ್ ಮೂಲಕ ಕ್ರೆಸ್ಟನ್‌ಗೆ ಬನ್ನಿ. ದಾರಿಯಲ್ಲಿ ಫ್ರ್ಯಾಂಕ್ ಎಂಬಲ್ಲಿ ರಸ್ತೆಯ ಎರಡೂ ಬದಿ ಮನೆಯಷ್ಟು ದೊಡ್ಡ ಬಂಡೆಗಳು ಬಿದ್ದಿವೆ. 1903ರ ಏಪ್ರಿಲ್ 29ರ ಬೆಳಗಿನ ಜಾವ ಟರ್ಟಲ್ ಬೆಟ್ಟ ಕುಸಿದು ಊರಿನ ಒಂದು ಭಾಗ ಹೂತುಹೋದ ಜಾಗ ಅದು.

ಕ್ರೆಸ್ಟನ್‌ನಲ್ಲಿ ನಿಂತು ತೀರ್ಮಾನ ಮಾಡಬೇಕು. ಒಂದು ದಾರಿ 1,775 ಮೀಟರ್ ಎತ್ತರದ ಕೂಟನಿ ಪಾಸ್ ಹತ್ತಿ ಸ್ಯಾಲ್ಮೊಗೆ ಇಳಿಯುತ್ತದೆ, ಅಲ್ಲಿಂದ ನೆಲ್ಸನ್. ಬೇಗ ತಲುಪುವ ದಾರಿ ಇದು. ಆದರೆ ಕ್ರೆಸ್ಟನ್‌ನಿಂದ ಸ್ಯಾಲ್ಮೊವರೆಗೆ 80 ಕಿ.ಮೀ.ನಷ್ಟು ದೂರ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ. ಚಳಿಗಾಲದಲ್ಲಿ ಮೇಲಿನ ಇಳಿಜಾರಿನಲ್ಲಿ ಹಿಮ ರಾಶಿ ಬೀಳುತ್ತದೆ. ಅದು ತಾನಾಗಿ ಜಾರಿ ರಸ್ತೆಗೆ ಬರುವ ಮೊದಲೇ ರಸ್ತೆ ಮುಚ್ಚಿ, ಸ್ಫೋಟ ಮಾಡಿ ಕೆಳಗೆ ಬೀಳಿಸುತ್ತಾರೆ, ಬಿದ್ದದ್ದನ್ನು ತೆಗೆದು ಮತ್ತೆ ಬಿಡುತ್ತಾರೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯಾ ಎಂದು ಕೇಳಿಕೊಂಡು ಮಂಗಳೂರಿಗೆ ಹೊರಡುತ್ತೇವಲ್ಲ, ಇಲ್ಲೂ ಹಾಗೇ ಕೇಳಿಕೊಂಡೇ ಹೊರಡಬೇಕು. ಕೇಳಲು ‘ಡ್ರೈವ್‌ಬಿಸಿ’ ಎಂಬ ಸರ್ಕಾರಿ ವೆಬ್‌ಸೈಟ್ ಇದೆ. ಮುಚ್ಚಿದ ರಸ್ತೆ, ಕಾಮಗಾರಿ, ಘಾಟಿಯ ಮೇಲಿನ ಕ್ಯಾಮೆರಾ ಚಿತ್ರ ಎಲ್ಲವೂ ಅದರಲ್ಲಿ ಸಿಗುತ್ತವೆ. ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮೊದಲು ಒಮ್ಮೆ, ಕ್ರೆಸ್ಟನ್‌ನಲ್ಲಿ ಇನ್ನೊಮ್ಮೆ ನೋಡಿ.

ಇನ್ನೊಂದು ದಾರಿ ಸರೋವರದ ಪೂರ್ವ ದಡ ಹಿಡಿದು ಸುಮಾರು 80 ಕಿ.ಮೀ. ಉತ್ತರಕ್ಕೆ ಹೋಗುತ್ತದೆ. ತಿರುವುಗಳು ಜಾಸ್ತಿ, ಬಲು ಚೆಂದ. ಕ್ರಾಫರ್ಡ್ ಬೇಯಲ್ಲಿ ಕೈಯಿಂದ ಪೊರಕೆ ಕಟ್ಟುವವರು, ಕಮ್ಮಾರರು, ನೇಯುವವರು ಕೆಲಸ ಮಾಡುವುದನ್ನು ನಿಂತು ನೋಡಬಹುದು. ಕೂಟನಿ ಬೇಯಿಂದ ಕಾರು ಸಮೇತ ಫೆರಿ ಹತ್ತಿದರೆ 35 ನಿಮಿಷಕ್ಕೆ ಆಚೆ ದಡದ ಬ್ಯಾಲ್ಫರ್. ಅಲ್ಲಿಂದ ನೆಲ್ಸನ್‌ಗೆ ಮೂವತ್ತು ಚಿಲ್ಲರೆ ಕಿ.ಮೀ.

ಈ ಫೆರಿಗೆ ದುಡ್ಡಿಲ್ಲ. ಕಾರಿಗೂ ಇಲ್ಲ, ಜನಕ್ಕೂ ಇಲ್ಲ. ಹೆದ್ದಾರಿಯ ಒಂದು ತುಂಡು ನೀರಿನ ಮೇಲಿದೆ ಎಂದು ಲೆಕ್ಕ ಹಾಕಿ ಪ್ರಾಂತ್ಯ ಸರ್ಕಾರವೇ ಖರ್ಚು ಹೊರುತ್ತದೆ. ದಡದ ಸಣ್ಣ ಊರುಗಳ ಮಕ್ಕಳು, ಕೆಲಸಗಾರರು, ರೋಗಿಗಳು ಇದನ್ನೇ ನಂಬಿದ್ದಾರೆ. ಇಂಥ ವ್ಯವಸ್ಥೆ ಕಂಡರೆ ನನಗೆ ನಿಜವಾಗಿಯೂ ಗೌರವ ಬರುತ್ತದೆ. ಸೀಟು ಕಾದಿರಿಸುವಂತಿಲ್ಲ, ಮೊದಲು ಬಂದವರಿಗೆ ಮೊದಲು. ಬೇಸಿಗೆಯ ವಾರಾಂತ್ಯದಲ್ಲಿ ಒಂದು ಫೆರಿ ತಪ್ಪಿ ಮುಂದಿನದಕ್ಕೆ ಕಾಯಬೇಕಾಗಬಹುದು, ಆದ್ದರಿಂದ ಬೆಳಗ್ಗೆಯ ಹೊತ್ತು ಹಿಡಿಯಿರಿ. ರಾತ್ರಿ ಕೊನೆಯ ಫೆರಿ ಎಷ್ಟಕ್ಕೆ ಎಂದು ಮೊದಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕ್ಯಾಲ್ಗರಿಯ ಗಡಿಯಾರ ನೆಲ್ಸನ್‌ಗಿಂತ ಒಂದು ಗಂಟೆ ಮುಂದೆ ಇರುತ್ತದೆ ಎಂಬುದೂ ನೆನಪಿರಲಿ.

ಕೂಟನಿ ಪಾಸ್ ಮುಚ್ಚಿದ ದಿನ ನಿಮ್ಮನ್ನು ಕಾಪಾಡುವುದು ಇದೇ ಫೆರಿ ದಾರಿ. ಹಾಗಾಗಿ ಎರಡನ್ನೂ ತಿಳಿದಿರಬೇಕು.

ಹೆಜ್ಜೆ 5: ಊರೊಳಗೆ ಓಡಾಟ

ಊರಿನ ಮುಖ್ಯ ಬೀದಿಯಾದ ಬೇಕರ್ ಬೀದಿಯ ಹತ್ತಿರ ಉಳಿದುಕೊಂಡರೆ ಕಾರು ನಿಲ್ಲಿಸಿ ನಡೆಯುವುದೇ ಸುಖ. ಒಂದೇ ಗುಟ್ಟು: ಸರೋವರಕ್ಕೆ ಸಮನಾಗಿ ಹೋಗುವ ಬೀದಿಗಳು ಹೆಚ್ಚುಕಮ್ಮಿ ಸಮತಟ್ಟು, ಅವನ್ನು ಅಡ್ಡ ಹಾಯುವ ಬೀದಿಗಳು ಕಡಿದಾದ ಏರು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ರೂಮು ಬುಕ್ ಮಾಡುವಾಗ ‘ಬೇಕರ್ ಬೀದಿಯಿಂದ ಎರಡೇ ಬ್ಲಾಕ್’ ಎಂಬ ಮಾತಿಗೆ ಮರುಳಾಗಬೇಡಿ. ಆ ಎರಡು ಬ್ಲಾಕ್ ಮೇಲಕ್ಕೋ, ಪಕ್ಕಕ್ಕೋ ಎಂದು ಕೇಳಿ.

ಬೇಕರ್ ಬೀದಿಯಲ್ಲಿ ಗಣಿ ಕಾಲದ ಕಲ್ಲು, ಇಟ್ಟಿಗೆಯ ಕಟ್ಟಡಗಳು ಚೆನ್ನಾಗಿ ಉಳಿದಿವೆ. ಅದೇ ಬೀದಿಯ ಕೂಟನಿ ಕೋ-ಆಪ್, 1975ರಿಂದ ಸದಸ್ಯರೇ ನಡೆಸುತ್ತಿರುವ ದಿನಸಿ ಅಂಗಡಿ. ಬೇಳೆ, ಅಕ್ಕಿ, ಸೊಪ್ಪು ಅಲ್ಲಿ ಸಿಗುತ್ತವೆ. ಅಡುಗೆಮನೆ ಇರುವ ರೂಮು ಹಿಡಿದರೆ ಅನ್ನ ಸಾರಿಗೆ ತೊಂದರೆಯಿಲ್ಲ.

ಊರಿನೊಳಗೆ ಸಿಟಿ ಬಸ್ ಇದೆ. ಕ್ಯಾಸಲ್‌ಗಾರ್ ಕಡೆಗೆ, ಬ್ಯಾಲ್ಫರ್ ಕಡೆಗೆ ಬಿ.ಸಿ. ಟ್ರಾನ್ಸಿಟ್ ಬಸ್ಸುಗಳು ಹೋಗುತ್ತವೆ. ವಿದ್ಯಾರ್ಥಿಗಳಿಗೆ ಇದೇ ಆಧಾರ. ಆದರೆ ಬಸ್ಸುಗಳ ನಡುವಿನ ಅಂತರ ದೊಡ್ಡದು, ವಾರಾಂತ್ಯದಲ್ಲಿ ಬಸ್ಸುಗಳೇ ಇನ್ನೂ ಕಡಿಮೆ. ಮನೆ ಬಾಡಿಗೆಗೆ ಹಿಡಿಯುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ. ಬಾಡಿಗೆ ಸ್ವಲ್ಪ ಕಡಿಮೆ ಎಂದು ಬಸ್ಸಿಲ್ಲದ ಕಡೆ ಹೋದರೆ ಚಳಿಗಾಲ ತುಂಬಾ ಕಷ್ಟ.

ಬೇಸಿಗೆಯಲ್ಲಿ ಸರೋವರದ ದಡದಲ್ಲಿ ಹಳೆಯ ಟ್ರಾಮ್ ಓಡುತ್ತದೆ. 23ನೇ ನಂಬರಿನ ಬಂಡಿ. ಊರಿನಲ್ಲಿ 1899ರಿಂದ 1949ರವರೆಗೆ ಟ್ರಾಮ್ ಇತ್ತು. ಊರಿನವರು ಆಸೆಪಟ್ಟು 1992ರಲ್ಲಿ ಮತ್ತೆ ಓಡಿಸಿದರು. ಅದು ಲೇಕ್‌ಸೈಡ್ ಪಾರ್ಕಿನವರೆಗೆ ಹೋಗುತ್ತದೆ. ಅಲ್ಲಿ ಈಜಬಹುದು, ಮಕ್ಕಳನ್ನು ಆಡಲು ಬಿಡಬಹುದು. ತಲೆಯ ಮೇಲೆ 1957ರ ಕಿತ್ತಳೆ ಬಣ್ಣದ ಸೇತುವೆ. ಅದರ ಆಚೆ ದಡದಲ್ಲಿ ಪಲ್ಪಿಟ್ ರಾಕ್ ಎಂಬ ಬಂಡೆಗೆ ಕಾಲುದಾರಿ. ಒಂದು ಗಂಟೆ ಹತ್ತಿದರೆ ಇಡೀ ಊರು ಕೆಳಗೆ ಕಾಣುತ್ತದೆ. ಪಾರ್ಕಿಂಗ್ ಕಡಿಮೆ, ಬೆಳಗ್ಗೆಯೇ ಹೋಗಿ.

ಹೆಜ್ಜೆ 6: ಒಂದು ದಿನದ ಸುತ್ತು

ಕಾರಿದ್ದರೆ ಉತ್ತರಕ್ಕೆ 70 ಕಿ.ಮೀ. ದೂರದ ಕ್ಯಾಸ್ಲೊಗೆ ಹೋಗಿ. 1898ರಿಂದ 1957ರವರೆಗೆ ಸರೋವರದಲ್ಲಿ ಓಡಿದ ಮೊಯಿ ಎಂಬ ಉಗಿಹಡಗು ಅಲ್ಲಿ ದಡದ ಮೇಲಿದೆ, ಒಳಗೆ ಹೋಗಿ ನೋಡಬಹುದು. ಅಲ್ಲಿಂದ ಬೆಟ್ಟದ ನಡುವಿನ ರಸ್ತೆಯಲ್ಲಿ ನ್ಯೂ ಡೆನ್ವರ್. 1942ರಲ್ಲಿ ಜಪಾನಿ ಮೂಲದ ಕೆನಡಾದವರನ್ನು ಕರಾವಳಿಯ ಮನೆಗಳಿಂದ ಎಬ್ಬಿಸಿ ಇಲ್ಲಿನ ಗುಡಿಸಲುಗಳಲ್ಲಿ ಕೂಡಿಹಾಕಿದ್ದರು. ಆ ಗುಡಿಸಲುಗಳಲ್ಲಿ ಕೆಲವನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಇದನ್ನು ಬಿಟ್ಟು ಬರಬೇಡಿ, ದೊಡ್ಡ ಮಕ್ಕಳಿದ್ದರೆ ಖಂಡಿತ ತೋರಿಸಿ. ವಾಪಸು ಸ್ಲೋಕನ್ ಕಣಿವೆಯ ಮೂಲಕ ಇಳಿದರೆ ಸಂಜೆಗೆ ನೆಲ್ಸನ್.

ವಾಪಸು ಹೊರಡುವಾಗ

ಬೆಂಗಳೂರಿಗೆ ಹೋಗುವ ವಿಮಾನ ವ್ಯಾಂಕೂವರ್‌ನಿಂದ ಇದ್ದರೆ, ಅದೇ ದಿನ ಕ್ಯಾಸಲ್‌ಗಾರ್‌ನಿಂದ ಹೊರಡುವ ಲೆಕ್ಕ ಹಾಕಬೇಡಿ. ಬೇಸಿಗೆಯಲ್ಲಿ ಒಂದು ದಿನ ಮೊದಲು, ಚಳಿಗಾಲದಲ್ಲಿ ಎರಡು ದಿನ ಮೊದಲು ವ್ಯಾಂಕೂವರ್ ಸೇರಿಕೊಳ್ಳಿ. ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಳ್ಳದೆ ಒಂದೇ ಬುಕಿಂಗ್‌ನಲ್ಲಿ ಮಾಡಿಸಿದರೆ, ಮೊದಲ ವಿಮಾನ ರದ್ದಾದಾಗ ಮುಂದಿನದಕ್ಕೆ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದಾಗುತ್ತದೆ. ಬಾಡಿಗೆ ಕಾರನ್ನು ಬೇರೆ ಊರಿನಲ್ಲಿ ಬಿಡಲು ಎಷ್ಟು ಜಾಸ್ತಿ ಆಗುತ್ತದೆ ಎಂದೂ ಕೇಳಿಟ್ಟುಕೊಳ್ಳಿ. ವಿಮಾನ ರದ್ದಾದ ದಿನ ಅದೇ ಕಾರಿನಲ್ಲಿ ಕೆಲೊನಾಗೆ ಹೋಗಿ ಅಲ್ಲಿಂದ ಹಾರಬಹುದು.