ಮೊದಲು ಟ್ಯೂನ್, ಆಮೇಲೆ ಮಾತು

ನಾನು ಹಾಡು ಮಾಡಲು ಕೂತಾಗ ಪೆನ್ನು ಮುಟ್ಟುವುದಿಲ್ಲ. ಗಿಟಾರಿನಲ್ಲಿ ಜಿ, ಸಿ, ಡಿ ಕಾರ್ಡ್‌ಗಳನ್ನು ಸುಮ್ನೆ ನುಡಿಸುತ್ತಾ ‘ತನನ ತಾನ’ ಎಂದು ಗುನುಗುತ್ತೇನೆ. ನೀವೂ ಹಾಗೇ ಮಾಡಿ, ಫೋನಿನ ರೆಕಾರ್ಡರ್ ಆನ್ ಇರಲಿ. ಚೆನ್ನಾಗಿ ಬಂದ ಸಾಲು ಎರಡನೇ ಸಲ ಹಾಗೇ ಬರುವುದಿಲ್ಲ. ಮಾರನೇ ದಿನ, ರೆಕಾರ್ಡಿಂಗ್ ಕೇಳದೆಯೇ ಬಾಯಿಗೆ ಬರುವ ಟ್ಯೂನನ್ನು ಮಾತ್ರ ಇಟ್ಟುಕೊಳ್ಳಿ.

ಮಾತು ಕೂರಿಸುವುದೇ ನಿಜವಾದ ಕೆಲಸ. ತಾಳ ಹಾಕುತ್ತಾ ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದ್ದಕ್ಕೂ ಎರಡು. ಶಾಲೆಯಲ್ಲಿ ಆಕಳಿಸುತ್ತಾ ಕಲಿತ ಛಂದಸ್ಸು ಇಲ್ಲಿ ಕೆಲಸಕ್ಕೆ ಬರುತ್ತದೆ, ನೋಡಿ! ಟ್ಯೂನ್ 3+4ರ ನಡೆಯಲ್ಲಿದ್ದರೆ ಭಾಮಿನಿ ಷಟ್ಪದಿಯ ಒಂದೆರಡು ಸಾಲನ್ನು ಅದರ ಮೇಲೆ ಹಾಡಿ, ಹಿಡಿತ ಸಿಗುತ್ತದೆ. ಎಳೆದು ಹಾಡುವ ಸ್ವರಕ್ಕೆ ದೀರ್ಘಾಕ್ಷರವನ್ನೇ ಕೊಡಿ. ‘ಬಳೆ’ಯ ಮೊದಲ ಅಕ್ಷರ ಎಳೆದರೆ ಕೇಳುವವರಿಗೆ ಬಾಳೆ ಆಗಿಬಿಡುತ್ತದೆ. ಪ್ರೇಮಗೀತೆ ಅಲ್ಲಿಗೇ ಮುಗಿಯಿತು, ಅಲ್ವಾ?

ಪಲ್ಲವಿಯಲ್ಲಿ ಒಂದೇ ವಿಷಯ ಇರಲಿ. ಚರಣಕ್ಕೆ ಕಣ್ಣಿಗೆ ಕಾಣುವಂಥದ್ದು ಬೇಕು. ನೋವು, ಒಲವು ಜಾಸ್ತಿ ಆಯಿತು ಅನಿಸಿದರೆ ಅವನ್ನು ಹೊಡೆದುಹಾಕಿ, ಮೆಜೆಸ್ಟಿಕ್‌ನಲ್ಲಿ ಕೊನೆ ಬಸ್ಸು ತಪ್ಪಿದ್ದನ್ನು ಬರೆಯಿರಿ. ಅಂತ್ಯಪ್ರಾಸಕ್ಕಾಗಿ ತಿಣುಕಬೇಡಿ. ಸಾಲುಗಳ ಎರಡನೇ ಅಕ್ಷರ ಹೊಂದಿಸುವ ನಮ್ಮ ಆದಿಪ್ರಾಸವೂ ಇದೆ. ನನಗಂತೂ ಅದೇ ಇಷ್ಟ.

ಕೊನೆಗೆ ಕೇಪೋ (ಗಿಟಾರಿನ ಕತ್ತಿನ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಸರಿಸುತ್ತಾ ನಿಮ್ಮ ಗಂಟಲಿಗೆ ಒಪ್ಪುವ ಶ್ರುತಿ ಹುಡುಕಿ. ಪಲ್ಲವಿಯ ಎತ್ತರದ ಸ್ವರ ಕಿರುಚದೆ ಬರಬೇಕು.