ರಿಯಾಯಿತಿ ಬೋರ್ಡು ಇಳಿಸಿ ರಿಪೇರಿ ಮೇಜು ಹಾಕಿದ ಮೇಲೆ

ಮೇಳದಲ್ಲಿ ಒಮ್ಮೆ ಕೊಂಡುಹೋದ ಗಿರಾಕಿ ಮುಂದಿನ ವರ್ಷ ನಮ್ಮ ಸ್ಟಾಲನ್ನೇ ಹುಡುಕಿಕೊಂಡು ಬರಬೇಕಾದರೆ ರಿಯಾಯಿತಿಗಿಂತ ರಿಪೇರಿ ಹೆಚ್ಚು ಕೆಲಸ ಮಾಡುತ್ತದೆ. ಚನ್ನಪಟ್ಟಣದ ಮರದ ಗೊಂಬೆ ಯಾವುದೇ ಇರಲಿ, ಯಾರಲ್ಲೇ ಕೊಂಡಿರಲಿ, ನನ್ನ ಮೇಜಿನ ಮೇಲೆ ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇನೆ. "ಏನ್ರೀ, ಧರ್ಮಛತ್ರ ಇಟ್ಟಿದ್ದೀರಾ?" ಎಂದು ಅಕ್ಕಪಕ್ಕದ ಸ್ಟಾಲಿನವರು ನಕ್ಕಿದ್ದರು. ಈಗ ಮುಂಬೈ ಮೇಳಗಳಲ್ಲಿ ನನ್ನ ವ್ಯಾಪಾರದ ಹತ್ತಿರಹತ್ತಿರ ಅರ್ಧ ಹಳೇ ಗಿರಾಕಿಗಳದ್ದು, ಇಲ್ಲವೇ ಅವರು ಕಳಿಸಿದವರದ್ದು. ನಕ್ಕವರಲ್ಲಿ ಕೆಲವರು ತಾವೂ ಮೇಜು ಹಾಕಿದ್ದಾರೆ. ಅಂಟು ಯಾವುದು, ಕಡ್ಡಿ ಎಷ್ಟು ದಪ್ಪ ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ದುಡ್ಡು ತಿಂದು ಕೈಕೊಟ್ಟ ಉಪಾಯಗಳು. ಐದು ಸಲ ಕೊಂಡರೆ ಆರನೆಯದು ಉಚಿತ ಎನ್ನುವ ಮುದ್ರೆ ಕಾರ್ಡು ವರ್ಷಕ್ಕೊಮ್ಮೆ ನಡೆಯುವ ಮೇಳಕ್ಕೆ ಆಗಿಬರುವುದಿಲ್ಲ. ಕಾಫಿ ಅಂಗಡಿಯಲ್ಲಾದರೆ ಐದನೇ ಮುದ್ರೆ ವಾರದಲ್ಲಿ ಬೀಳುತ್ತದೆ, ಮೇಳದಲ್ಲಿ ಬೀಳುವ ಹೊತ್ತಿಗೆ ಮಗು ಶಾಲೆಗೆ ಹೋಗುತ್ತಿರುತ್ತದೆ. ಮುದ್ರಣಕ್ಕೆ ಎರಡೂವರೆ ಸಾವಿರ ಹೋಯಿತು. ಮರಳಿ ಬಂದ ಕಾರ್ಡುಗಳು ಬೆರಳೆಣಿಕೆಯಷ್ಟು. ಇನ್‌ಸ್ಟಾಗ್ರಾಮಿನ ಲಕ್ಕಿ ಡ್ರಾಗೆ ಬಂದವರೆಲ್ಲ ಬಹುಮಾನ ಬೇಟೆಯವರು. ಎಲ್ಲಕ್ಕಿಂತ ದುಬಾರಿಯಾದದ್ದು ಕೊನೇ ದಿನದ ಹತ್ತು ಶೇಕಡಾ ಕಡಿತ. ಮೊದಲ ದಿನ ಪೂರ್ತಿ ಬೆಲೆ ಕೊಟ್ಟವರು ಕೊನೇ ದಿನ ಗೆಳತಿಯ ಜೊತೆ ಬಂದಾಗ ಆ ಬೋರ್ಡು ನೋಡಿದರೆ ಅಲ್ಲಿಗೆ ಮುಗಿಯಿತು. ಬೇಗ ಬಂದವರು ಪೆದ್ದರು ಎಂದು ನಾವೇ ಬರೆದು ನೇತುಹಾಕಿದಂತೆ. ಈಗ ಮುಂಬೈ, ಪುಣೆ, ಗೋವಾ ಎಲ್ಲ ಕಡೆ ಒಂದೇ ದರ. ಮೊದಲ ದಿನಕ್ಕೂ ಕೊನೇ ದಿನಕ್ಕೂ ಅದೇ ಚೀಟಿ. "ಭಾಯಿ, ಥೋಡಾ ಕಮ್ ಕರೋ" ಎಂದವರಿಗೆ ದುಡ್ಡು ಇಳಿಸುವುದಿಲ್ಲ, ಕೊಸರು ಕೊಡುತ್ತೇನೆ: ಬಣ್ಣದ ಪಟ್ಟಿ ಸ್ವಲ್ಪ ಸೊಟ್ಟಗಾದ, ಆದರೆ ಚೆನ್ನಾಗಿ ತಿರುಗುವ ಬುಗುರಿ. ಎರಡನೇ ದರ್ಜೆಯ ಬುಗುರಿ ಆರೇಳು ರೂಪಾಯಿಗೆ ಸಿಗುತ್ತದೆ. 600 ರೂಪಾಯಿಯ ಬಿಲ್ಲಿನಲ್ಲಿ 60 ಇಳಿಸಿದರೆ ಯಾರಿಗೂ ನೆನಪಿರುವುದಿಲ್ಲ. ಏಳು ರೂಪಾಯಿಯ ಬುಗುರಿ ಮನೆಯ ನೆಲದ ಮೇಲೆ ವರ್ಷವಿಡೀ ತಿರುಗುತ್ತಿರುತ್ತದೆ.

ಇನ್ನು ಮೇಜು. ಮೂರು ಅಡಿಯದು ಸಾಕು, ಸ್ಟಾಲಿನ ಪಕ್ಕದ ಅಂಚಿಗೆ ಹಾಕಬೇಕು. ಮುಂದೆ ಹಾಕಿದರೆ ಕೊಳ್ಳುವವರ ದಾರಿ ಕಟ್ಟುತ್ತದೆ. ಸಾಮಾನು ಇಷ್ಟು: 120 ಮತ್ತು 220 ನಂಬರಿನ ಉಪ್ಪುಕಾಗದ, ಉರುಟು ಅರ, 6 ಮತ್ತು 8 ಮಿ.ಮೀ. ಮರದ ಕಡ್ಡಿ, ಬಿದಿರು ಕಡ್ಡಿ, ಕೈಯಿಂದ ತಿರುಗಿಸುವ ಡ್ರಿಲ್, ಫೆವಿಕಾಲ್, ಮೇಣದ ಬತ್ತಿ, 2–3 ಮಿ.ಮೀ. ಹತ್ತಿ ದಾರ, ಹಿಡಿತಕ್ಕೆ ದಪ್ಪ ರಬ್ಬರ್ ಬ್ಯಾಂಡು. ವಿದ್ಯುತ್ ಡ್ರಿಲ್ ಬೇಡ. ಸ್ಟಾಲಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಕೆಟ್ಟು, ಅದು ದೀಪಕ್ಕೆ ಬೇಕು.

ಹತ್ತರಲ್ಲಿ ಆರು ದೂರು ಚಕ್ರದ್ದು. ಗೊಂಬೆ ಕಡೆಯುವ ಹಾಲೆ ಮರ ಎಷ್ಟೇ ಒಣಗಿಸಿದ್ದಾದರೂ ಮುಂಬೈ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಕುಗ್ಗಿ ಗೂಟ ಸಡಿಲವಾಗಿ ಚಕ್ರ ಕಳಚಿ ಬೀಳುತ್ತದೆ. ಕಚ್ಚಿದ ಚಕ್ರಕ್ಕೆ ತೂತನ್ನು ಅರದಿಂದ ಅರ್ಧ ಮಿ.ಮೀ.ನಷ್ಟು ಹಿಗ್ಗಿಸಿ, ಗೂಟಕ್ಕೆ ಮೇಣ ಉಜ್ಜಿದರೆ ಸಾಕು. 6 ಮಿ.ಮೀ. ಗೂಟಕ್ಕೆ 6.5ರಿಂದ 7ರವರೆಗಿನ ತೂತು ಸರಿ. ಕಳಚಿದ ಗೂಟಕ್ಕೆ ಅಂಟು ಹಚ್ಚುವಾಗಲೇ ಕೆಲಸ ಕೆಡುವುದು. ಅಂಟು ಗೊಂಬೆಯ ಮೈಯ ತೂತಿಗೆ ಮಾತ್ರ, ಅದೂ ಕಡ್ಡಿಯ ತುದಿಯಿಂದ ಒಳಗೆ ಸವರಬೇಕು. ಗೂಟಕ್ಕೆ ಹಚ್ಚಿ ತಳ್ಳಿದರೆ ಹೆಚ್ಚಿನದು ಹೊರಗೆ ಬಂದು ಚಕ್ರವನ್ನೇ ಹಿಡಿಯುತ್ತದೆ. ಚಕ್ರಕ್ಕೂ ಮೈಗೂ ನಡುವೆ ಮೇಣ ಉಜ್ಜಿದ ಕಾಗದದ ಬಿಲ್ಲೆ ಇಟ್ಟು ಒತ್ತಿ, ಅರ್ಧ ಗಂಟೆಯ ಮೇಲೆ ಬಿಲ್ಲೆ ಹರಿದು ತೆಗೆಯಿರಿ. ಅಂಟು ಪೂರ್ತಿ ಹಿಡಿಯಲು ಒಂದು ದಿನ ಬೇಕು, ಮಳೆಗಾಲದಲ್ಲಿ ಎರಡು. ಅಲ್ಲಿಯವರೆಗೆ ಗೊಂಬೆ ವಾಪಸು ಕೊಡಬೇಡಿ, ಮಗು ಎಳೆದು ಮತ್ತೆ ಕಿತ್ತು ತರುತ್ತದೆ. ಗೂಟಕ್ಕೆ ನಾನು ಬಳಸುವ ಮರ ಹಾಲೆಯದಲ್ಲ. ಯಾವುದೆಂದು ಮಾತ್ರ ಕೇಳಬೇಡಿ.

ಎರಡನೇ ದೂರು ಅರಗಿನ ಹೊಳಪು ಹೋದದ್ದು. ಇದಕ್ಕೆ ಮುಖ್ಯ ಕಾರಣ ಸ್ಯಾನಿಟೈಸರ್. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಕೊರೊನಾ ಕಾಲದಲ್ಲಿ ಅಮ್ಮಂದಿರು ಗೊಂಬೆಗಳನ್ನೆಲ್ಲ ಸ್ಯಾನಿಟೈಸರಿನಲ್ಲಿ ಒರೆಸಿ, ಬಣ್ಣ ಬಟ್ಟೆಗೆ ಬಂತು, ಮೋಸದ ಮಾಲು ಎಂದು ದೂರಿದರು. ಈಗ ಪ್ರತಿ ಪೊಟ್ಟಣದಲ್ಲೂ ನಾಲ್ಕು ಸಾಲಿನ ಚೀಟಿ ಇಡುತ್ತೇನೆ, ಮರಾಠಿ ಒಂದು ಕಡೆ, ಕನ್ನಡ ಇನ್ನೊಂದು ಕಡೆ: ಸ್ಯಾನಿಟೈಸರ್ ಬೇಡ, ನೀರಲ್ಲಿ ನೆನೆಸಬೇಡಿ, ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಚೀಟಿಗೆ ಹತ್ತಿಪ್ಪತ್ತು ಪೈಸೆ ಬೀಳಬಹುದು. ದೂರು ಅರ್ಧಕ್ಕಿಂತ ಕಮ್ಮಿಯಾಯಿತು.

ಹೊಳಪು ಹೋದದ್ದನ್ನು ಮೇಜಿನ ಮೇಲೆ ಸರಿ ಮಾಡುವುದು ಕಷ್ಟ. ಅರಗಿನ ಕಡ್ಡಿ ಲೇತಿನಲ್ಲಿ ತಿರುಗುವ ಮರಕ್ಕೆ ತಾಗಿ, ಉಜ್ಜಿದ ಬಿಸಿಗೆ ಕರಗಿ ಕೂರಬೇಕು. ಬಿಸಿ ಚಮಚದಲ್ಲಿ ಕರಗಿಸಿ ಬಳಿದರೆ ಗಂಟುಗಂಟಾಗುತ್ತದೆ. ಅರಗಿನ ಹಳಕುಗಳನ್ನು ಸ್ಪಿರಿಟ್ಟಿನಲ್ಲಿ, 100 ಮಿ.ಲೀ.ಗೆ 25 ಗ್ರಾಂನಂತೆ ಕರಗಿಸಿ ತೆಳ್ಳಗೆ ಎರಡು ಮೂರು ಪದರ ಹಚ್ಚಬಹುದು, ಪದರದ ನಡುವೆ ಅರ್ಧ ಗಂಟೆ ಬಿಡಬೇಕು. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಮೇಲೆ ಬಿಳಿ ಮಂಜು ಕೂರುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಮುಂಬೈಯ ಕಾಲಾ ಘೋಡಾ ಮೇಳದಲ್ಲಿ ಮಾಡುತ್ತೇನೆ, ಜೂನ್ ಬಂದರೆ ಡಬ್ಬಿ ತೆಗೆಯುವುದೇ ಇಲ್ಲ. ಮಗು ಬಾಯಿಗಿಡುವ ಗಿಲಕಿಗಂತೂ ಎಂದೂ ಹಚ್ಚುವುದಿಲ್ಲ. ಅದು ಖಾಲಿ ಪೆಟ್ಟಿಗೆಗಳ ಜೊತೆ ಚನ್ನಪಟ್ಟಣಕ್ಕೆ ಹೋಗಿ ಹೊಸ ಅರಗು ಹೊದ್ದು ಬರುತ್ತದೆ. ಹಾಗೆ ಬಂದದ್ದನ್ನು ತಿಂಗಳ ಒಂದು ಭಾನುವಾರ ದಾದರ್ ಸ್ಟೇಷನ್ನಿನಲ್ಲಿ ಹಂಚುತ್ತೇವೆ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನಿನವರಿಗೆ ಅದೇ ಅನುಕೂಲ.

ರಿಪೇರಿಗೆ ಹೊತ್ತು ಗೊತ್ತು ಮಾಡಿದ ಮೇಲೇ ಇದು ಕೈಗೆ ಹತ್ತಿದ್ದು. ಗೊಂಬೆ ತೆಗೆದುಕೊಳ್ಳುವುದು ಬೆಳಗ್ಗೆ 11ರಿಂದ 1ರವರೆಗೆ ಮಾತ್ರ. ಆ ಹೊತ್ತಿನಲ್ಲಿ ಮೇಳ ಹೇಗೂ ಖಾಲಿ, ಸ್ಟಾಲಿನ ಕೆಲಸದ ಹುಡುಗನಿಗೆ ಬೇರೆ ಕೆಲಸವಿಲ್ಲ. ವಾಪಸು ಕೊಡುವುದು ಮಾರನೇ ಸಂಜೆ. ಗಿರಾಕಿ ಎರಡು ಸಲ ಬರಬೇಕು, ಎರಡನೇ ಸಲ ಮಗುವನ್ನೂ ಕರೆತರುತ್ತಾರೆ. ಮಗು ಬರಿಗೈಯಲ್ಲಿ ಹೋಗುವುದಿಲ್ಲ. ಬೆಳಗ್ಗೆ ಹತ್ತು ಹನ್ನೆರಡು ಗೊಂಬೆ ಹಿಡಿದರೆ ಒಂಬತ್ತು ದಿನದ ಮೇಳಕ್ಕೆ ಸುಮಾರು ನೂರು. ಸಾಮಾನಿಗೆ ಗೊಂಬೆಗೆ ಹತ್ತು ಹನ್ನೆರಡು ರೂಪಾಯಿಯಂತೆ ಸಾವಿರದ ಮೇಲೆ ಸ್ವಲ್ಪ, ಹುಡುಗನ ಕೂಲಿ ದಿನಕ್ಕೆ 900, ಒಟ್ಟು ಒಂಬತ್ತು ಸಾವಿರ ಚಿಲ್ಲರೆ. ಎರಡೂವರೆ ಲಕ್ಷದ ವ್ಯಾಪಾರಕ್ಕೆ ಹತ್ತು ಶೇಕಡಾ ಬಿಟ್ಟರೆ ಹೋಗುವುದು 25 ಸಾವಿರ. ಧರ್ಮಛತ್ರ ಎಂದವರಿಗೆ ಈ ಲೆಕ್ಕ ತೋರಿಸಿದೆ.

ಗಿರಾಕಿಗಳ ಪುಸ್ತಕ 200 ಪುಟದ ಮಾಮೂಲಿ ಉದ್ದ ಪುಸ್ತಕ. ಮಗು ಹುಟ್ಟಿದ ತಿಂಗಳು ಮತ್ತು ವರ್ಷ, ಮನೆಯಲ್ಲಿ ಈಗಾಗಲೇ ಇರುವ ಗೊಂಬೆಗಳು, ಯಾವ ರೈಲ್ವೆ ಲೈನು ಎಂಬ ಮೂರು ಕಾಲಂ. ಫೋನ್ ನಂಬರು ಅವರಾಗಿ ಕೊಟ್ಟರೆ ಮಾತ್ರ. ಮುಂಬೈಯಲ್ಲಿ ಗಿರಾಕಿಯನ್ನು ಬಡಾವಣೆಯಿಂದ ವಿಂಗಡಿಸಿ ಉಪಯೋಗವಿಲ್ಲ, ಲೈನಿನಿಂದ ವಿಂಗಡಿಸಬೇಕು. ಡೊಂಬಿವಲಿಯ ಅಕ್ಕ ಮಗುವನ್ನು ಎತ್ತಿಕೊಂಡು ಬಾಂದ್ರಾಕ್ಕೆ ಬರುವುದಿಲ್ಲ, ಅದೇ ಲೈನಿನ ಠಾಣೆಗೆ ಬರುತ್ತಾರೆ. ಬೇಲಾಪುರದ ಅರ್ಬನ್ ಹಾಟ್‌ನಲ್ಲಿ ಸ್ಟಾಲಿದ್ದರೆ ಹಾರ್ಬರ್ ಲೈನಿನವರಿಗೆ ಮಾತ್ರ ಸುದ್ದಿ. ಕಾಲಾ ಘೋಡಾಗೆ ವೆಸ್ಟರ್ನ್ ಲೈನಿನ ಚರ್ಚ್‌ಗೇಟೂ ಹತ್ತಿರ, ಸೆಂಟ್ರಲ್, ಹಾರ್ಬರ್ ಲೈನುಗಳ ಸಿಎಸ್‌ಎಂಟಿಯೂ ದೂರವಲ್ಲ, ಹಾಗಾಗಿ ಎಲ್ಲರಿಗೂ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ. ಲೈನಿಗೊಂದು ಲಿಸ್ಟ್ ಮಾಡಿದರೆ ಅದು ಅಡ್ಡಿಯಾಗದು. ನಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿರದಿದ್ದರೆ ಬ್ರಾಡ್‌ಕಾಸ್ಟ್ ಅವರಿಗೆ ತಲುಪುವುದೇ ಇಲ್ಲ. ರಿಪೇರಿಗೆ ಗೊಂಬೆ ಕೊಟ್ಟವರು ಯಾವಾಗ ಸಿಗುತ್ತದೆ ಎಂದು ವಿಚಾರಿಸಲು ತಾವಾಗಿಯೇ ಸೇವ್ ಮಾಡಿಕೊಳ್ಳುತ್ತಾರೆ. ಮೇಜಿನ ಅರ್ಧ ಲಾಭ ಇಲ್ಲೇ ಇದೆ. ಎಲ್ಲರಿಗೂ ಕಳಿಸುವ ಸಂದೇಶ ವರ್ಷಕ್ಕೆ ನಾಲ್ಕು, ಐದನೆಯದು ಬೇಡ. ಹಬ್ಬಹಬ್ಬಕ್ಕೂ ಶುಭಾಶಯದ ಚಿತ್ರ ಕಳಿಸಿ ನೋಡಿದಾಗ ಬ್ಲಾಕ್ ಮಾಡಿದವರೇ ಹೆಚ್ಚು. ಹುಟ್ಟಿದ ತಿಂಗಳಿಗೆ ಕಳಿಸುವುದು ಬೇರೆ, ಒಬ್ಬೊಬ್ಬರಿಗೇ: ಒಂದು ತುಂಬಿದರೆ ಎಳೆಯುವ ಗಾಡಿ, ಎರಡಕ್ಕೆ ಉಂಗುರ ಪೇರಿಸುವುದು, ಮೂರಕ್ಕೆ ಬುಗುರಿ, ಐದಕ್ಕೆ ಮಣಿಚೌಕಟ್ಟು. ಮಾಟುಂಗ ಕಡೆಯ ಕನ್ನಡದ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವವರಿದ್ದಾರೆ. "ನಮ್ಮಲ್ಲಿ ವಾಲಗದವರ ಸೆಟ್ಟು ಉಂಟಲ್ಲ, ಈ ವರ್ಷ ಏನು ತಗೊಳ್ಳಲಿ?" ಎಂದು ಅಜ್ಜಿ ಕೇಳುವ ಮೊದಲೇ ಪುಸ್ತಕ ನೋಡಿ ಹೇಳಿದರೆ ಆ ಮನೆ ಬೇರೆ ಸ್ಟಾಲಿಗೆ ಹೋಗುವುದಿಲ್ಲ.

ಬೇಡ ಎನ್ನುವುದೂ ವ್ಯಾಪಾರವೇ. ಮೇಜಿನ ಮೇಲೆ ಒಳವ್ಯಾಸ ಸುಮಾರು 32 ಮಿ.ಮೀ. ಇರುವ ಪೈಪಿನ ತುಂಡು ಇಟ್ಟಿದ್ದೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಚಿಕ್ಕ ಬಿಡಿಭಾಗ ಪರೀಕ್ಷಿಸುವ ಉರುಳೆಯ ವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲಿಗೂ ಇಳಿಯಬಹುದು. ಒಂದು ವರ್ಷದ ಮಗುವಿಗೆ ಚಿಕ್ಕ ಬುಗುರಿ ಕೇಳಿದವರಿಗೆ ಅದನ್ನು ಪೈಪಿನೊಳಗೆ ಬೀಳಿಸಿ ತೋರಿಸಿ, ದೊಡ್ಡ ಗಿಲಕಿ ಕೊಡುತ್ತೇನೆ. ಸಸ್ಯದ ಬಣ್ಣದವೂ ರಾಸಾಯನಿಕ ಬಣ್ಣದವೂ ಬೇರೆ ಬೇರೆ ತಟ್ಟೆಯಲ್ಲಿರುತ್ತವೆ, ಮೇಲೆ ಹಾಗೆಂದೇ ಬರೆದಿದೆ. ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ ಎಂದೂ ಮೊದಲೇ ಹೇಳಿಬಿಡುತ್ತೇನೆ.

ಪುಣೆಯವರು ಐಎಸ್‌ಐ ಗುರುತು ಎಲ್ಲಿ ಎಂದು ತಪ್ಪದೇ ಕೇಳುತ್ತಾರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ, ಜಿಐ (ಭೌಗೋಳಿಕ ಗುರುತು) ನೋಂದಣಿಯ ಮಾಲೀಕರು ಮತ್ತು ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ನಡುವಿನ ವ್ಯಾಪಾರಿಗೆ ಅದು ತಾನಾಗಿ ಸಿಗದು. ಅದಕ್ಕೇ ಸ್ಟಾಲು, ಬಿಲ್ಲು ಎರಡೂ ಗೊಂಬೆ ಮಾಡುವ ಪಾಲುದಾರರ ಹೆಸರಿನಲ್ಲಿ. ಅವರ ಕಾರ್ಡಿನ ಪ್ರತಿ ಲ್ಯಾಮಿನೇಟ್ ಆಗಿ ಗೋಡೆಗೆ. ಭೀಮಥಡಿ ಜಾತ್ರೆಯ ಧೂಳಿಗೆ ದಿನಕ್ಕೆ ಮೂರು ಸಲ ಒರೆಸಬೇಕು, ಅಷ್ಟು ಬಿಟ್ಟರೆ ಪುಣೆಯ ಗಿರಾಕಿ ಚಿನ್ನ. ತಡವಾಗಿ ನಂಬುತ್ತಾರೆ, ಬಿಟ್ಟು ಹೋಗುವುದಿಲ್ಲ. ಗೋವಾದ ಆರ್ಪೋರಾ ಶನಿವಾರದ ರಾತ್ರಿ ಪೇಟೆಯಲ್ಲಿ ಪುಸ್ತಕ ಬಿಚ್ಚುವುದಿಲ್ಲ. ಪ್ರವಾಸಿ ಮರಳಿ ಬರುವುದಿಲ್ಲ, ಅಲ್ಲಿ ಚಂದದ ಪೊಟ್ಟಣವೇ ಕೆಲಸ ಮಾಡುವುದು. ಪಣಜಿಯಲ್ಲಿ ಊರವರು ಬರುವ ಮೇಳವಾದರೆ ಮಾತ್ರ ಮೇಜು.

ಪೊಟ್ಟಣದ ಪ್ರಯೋಗವೂ ನಡೆಯಿತು. ಪತ್ರಿಕೆಯ ಕಾಗದ ಸುತ್ತಿ ಟೆಂಪೋದಲ್ಲಿ ತಂದರೆ ಸೆಖೆಗೆ ಅರಗು ಮೆತ್ತಗಾಗಿ ಅಕ್ಷರಗಳು ಗೊಂಬೆಯ ಮೈಗೇ ಅಂಟುತ್ತವೆ. ಈಗ ಬೆಣ್ಣೆ ಕಾಗದ. 2018ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ, ಮೊದಲ ಸಲ ಸಿಕ್ಕಿದರೆ 5,000 ದಂಡ. ಹಾಗಾಗಿ ಮುದ್ರೆ ಒತ್ತಿದ ಹತ್ತಿ ಚೀಲ, 18 ರೂಪಾಯಿ ಬೀಳುತ್ತದೆ. ಚೀಲ ವಾಪಸು ತಂದವರಿಗೆ 20 ರೂಪಾಯಿ ಎಂದರೂ ಯಾರೂ ತರಲಿಲ್ಲ, ತರಕಾರಿಗೆ ಒಯ್ಯುತ್ತಿದ್ದಾರೆ. ಲೋಕಲ್ ರೈಲಿನಲ್ಲಿ ನಮ್ಮ ಮುದ್ರೆ ಓಡಾಡುತ್ತಿದೆ, ನಷ್ಟವೇನಿಲ್ಲ.

ಇಷ್ಟೆಲ್ಲದರ ಫಲ ಕೈಗೆ ಬರುವುದು ಸಂಕ್ರಾಂತಿಗೆ. ಆಗಿನಿಂದ ರಥಸಪ್ತಮಿಯವರೆಗೆ ಮರಾಠಿ ಮನೆಗಳಲ್ಲಿ ಹಳದಿ–ಕುಂಕುಮ, ಬಂದ ಹೆಂಗಸರಿಗೆಲ್ಲ ವಾಣ, ಅಂದರೆ ಚಿಕ್ಕ ಉಡುಗೊರೆ, ಕೊಡಬೇಕು. ಹಳೇ ಗಿರಾಕಿಗಳು ಮೂವತ್ತು ನಲವತ್ತು ಅರಗಿನ ಕುಂಕುಮ ಭರಣಿ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ನನಗೆ ಬೀಳುವುದು 40ರ ಆಸುಪಾಸು, 25ಕ್ಕಿಂತ ಹೆಚ್ಚಿದ್ದರೆ ಕೊಡುವುದು 75ಕ್ಕೆ. ಸ್ಟಾಲಿನ ಬಾಡಿಗೆ ಇಲ್ಲ, ದೀಪ ಇಲ್ಲ. ಹಿಂದಿನ ಸಲ ಲಕ್ಷ ದಾಟಿತು. ದೀಪಾವಳಿ ಮುಗಿದ ವಾರ ಸಂದೇಶ, ಡಿಸೆಂಬರ್ 10ಕ್ಕೆ ಆರ್ಡರ್ ಬಂದ್. ಅದರ ಮೇಲೆ ಹಿಡಿದರೆ ಲೇತಿನವರು ಅವಸರದಲ್ಲಿ ಹಸಿ ಮರ ಕಡೆಯುತ್ತಾರೆ. ಮುಚ್ಚಳವನ್ನು ಅರ್ಧ ಮಿ.ಮೀ. ಸಡಿಲ ಕಡೆಯಲು ಹೇಳಬೇಕು. ಚನ್ನಪಟ್ಟಣದಲ್ಲಿ ಸರಿಯಾಗಿ ಕೂತದ್ದು ಇಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಭರಣಿಯ ತಳಕ್ಕೆ ನಮ್ಮ ಮುದ್ರೆ, ಒಳಗೆ ಒಂದು ಚೀಟಿ. ವಾಣ ಪಡೆದವರಲ್ಲಿ ಐದಾರು ಮಂದಿಯಾದರೂ ಫೆಬ್ರುವರಿಯಲ್ಲಿ ಆ ಚೀಟಿ ಹಿಡಿದು ಸ್ಟಾಲಿಗೆ ಬರುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾದವರು ಒಂದು ಭರಣಿ ಕೊಳ್ಳಲಿ, ಬಿಡಿಯಾಗಿ 95 ರೂಪಾಯಿ.